ಯಂತ್ರವು ಅನುಮತಿ ನಿರಾಕರಿಸಿದಾಗ

ಬೆಂಗಳೂರಿನ ಹಳೆಯ ಬಡಾವಣೆಗಳಾದ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಬೆಳೆದವರಿಗೆ ವಠಾರವೆಂದರೇನೆಂಬುದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಉಳಿದವರಿಗಾಗಿ ಎರಡು ಮಾತು. ಒಂದೇ ಆವರಣ; ಮುಂದೆ ಮಾಲೀಕರ ಮನೆ; ಹಿಂದೆ ಸಾಲಾಗಿ ನಾಲ್ಕಾರು ಬಾಡಿಗೆಯ ಬಿಡಾರಗಳು; ನಡುವೆ ಎಲ್ಲರಿಗೂ ಸೇರಿದ ಒಂದು ನಲ್ಲಿ ಅಥವಾ ಬಾವಿ. ಬಾಡಿಗೆದಾರನು ತನ್ನ ಬಿಡಾರದೊಳಗೆ ಪಾತ್ರೆ ಪಡಗಗಳನ್ನು ಮನಬಂದಂತೆ ಜೋಡಿಸಿಕೊಳ್ಳಬಹುದು. ನಲ್ಲಿಯ ನೀರನ್ನು ಎಲ್ಲರಂತೆ ತಾನೂ ಹಿಡಿಯಬಹುದು. ಆದರೆ ನಲ್ಲಿಯ ಕೊಳವೆಯನ್ನು ಬಿಚ್ಚಿ ಮತ್ತೊಂದನ್ನು ಜೋಡಿಸುವ ಅಧಿಕಾರ ಅವನಿಗಿಲ್ಲ. ಅಂಥ ವಠಾರಗಳು ಈಗ ವಿರಳವಾಗಿವೆ. ಅವುಗಳಿದ್ದ ಜಾಗದಲ್ಲಿ ಬಹುಮಹಡಿ ಕಟ್ಟಡಗಳೆದ್ದಿವೆ. ಆದರೆ ನಾವು ನಿತ್ಯ ಬಳಸುವ ಗಣಕಯಂತ್ರದೊಳಗೆ ವಠಾರದ ಕಾನೂನು ಇಂದಿಗೂ ಚಾಚೂ ತಪ್ಪದೆ ನಡೆದುಬರುತ್ತಿದೆ ಎಂದರೆ ಓದುಗರು ಆಶ್ಚರ್ಯಪಡಬಹುದು.

ನಾನು ಬಸವನಗುಡಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕ. ಲೋಲಕದ ಆವರ್ತಕಾಲವನ್ನು ಅಳೆದು ನಕ್ಷಾಕಾಗದದ ಮೇಲೆ ಚುಕ್ಕೆಗಳನ್ನಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ, ಇರಲೂ ಬೇಕು. ಆದರೆ ಅಳತೆಗಳ ಸಂಖ್ಯೆ ಸಾವಿರವನ್ನು ದಾಟಿತೆಂದರೆ ಕೈಯಿಂದ ನಕ್ಷೆ ಬರೆಯುವುದು ಆಗದ ಮಾತು. ಆಗ ಪೈಥಾನ್ ಎಂಬ ಕ್ರಮವಿಧಿಯ ಭಾಷೆಯನ್ನು ಆಶ್ರಯಿಸುತ್ತೇವೆ. ಈ ಭಾಷೆ ನಮ್ಮ ಊರಿಗೆ ಹೊಸದಲ್ಲ. ಭಾರತದ ಪೈಥಾನ್ ಬಳಕೆದಾರರ ಮೊದಲ ಸಮ್ಮೇಳನವಾದ ಪೈಕಾನ್ ಇಂಡಿಯಾ 2009ರಲ್ಲಿ ನೆರೆದದ್ದು ಮಲ್ಲೇಶ್ವರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂದರೆ ನಮ್ಮ ಹಿರಿಯರ ಮಾತಿನ ‘ಟಾಟಾ ಇನ್‌ಸ್ಟಿಟ್ಯೂಟಿ’ನಲ್ಲಿ. ಆದರೆ ಪೈಥಾನ್ ತಾನೊಂದೇ ನಕ್ಷೆ ಬರೆದುಕೊಡಲಾರದು. ಅದಕ್ಕೆ ನಮ್‌ಪೈ, ಮ್ಯಾಟ್‌ಪ್ಲಾಟ್‌ಲಿಬ್ ಮುಂತಾದ ಪ್ಯಾಕೇಜುಗಳನ್ನು ಜೋಡಿಸಿಕೊಡಬೇಕು. ಜಗತ್ತಿನ ನಾನಾ ಕಡೆಯ ಜನರು ಬರೆದು ಎಲ್ಲರ ಉಪಯೋಗಕ್ಕೆಂದು ಬಿಟ್ಟುಕೊಟ್ಟಿರುವ ಇಂಥ ಪ್ಯಾಕೇಜುಗಳು ಪೈಥಾನಿನ ಸಾರ್ವಜನಿಕ ಭಂಡಾರದಲ್ಲಿ 5 ಲಕ್ಷಕ್ಕೂ ಹೆಚ್ಚಾಗಿವೆ. ಅವುಗಳನ್ನು ಅಲ್ಲಿಂದ ತಂದು ನಮ್ಮ ಯಂತ್ರದಲ್ಲಿ ಇರಿಸುವ ಸೇವಕನ ಹೆಸರು ‘ಪಿಪ್’.

ವಿದ್ಯಾರ್ಥಿಯು ಯಂತ್ರದ ಮುಂದೆ ಕುಳಿತು ‘ಪಿಪ್ ಇನ್‌ಸ್ಟಾಲ್ ಮ್ಯಾಟ್‌ಪ್ಲಾಟ್‌ಲಿಬ್’ ಎಂದು ಆಜ್ಞಾಪಿಸುತ್ತಾನೆ. (ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆಜ್ಞೆಗಳನ್ನು ಯಂತ್ರಕ್ಕೆ ಕೊಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕೆಂಬುದನ್ನು ಮರೆಯದಿರಿ.) ಪರದೆಯ ಮೇಲೆ ಹತ್ತಿಪ್ಪತ್ತು ಸಾಲುಗಳು ಸರಸರನೆ ಓಡುತ್ತವೆ. ಕೊನೆಯಲ್ಲಿ ‘ಪರ್ಮಿಷನ್ ಡಿನೈಡ್’, ಅನುಮತಿ ನಿರಾಕರಿಸಲಾಗಿದೆ, ಎಂಬ ಉತ್ತರ; ಪಕ್ಕದಲ್ಲಿ 13 ಎಂಬ ಸಂಖ್ಯೆ. ವಿಂಡೋಸ್ ಯಂತ್ರವಾದರೆ ಇದೇ ಮಾತನ್ನು 5 ಎಂಬ ಸಂಖ್ಯೆಯೊಡನೆ ಹೇಳುತ್ತದೆ. ಈಚಿನ ಉಬುಂಟು ಯಂತ್ರವಾದರೆ ಸಂಖ್ಯೆಯನ್ನು ಬಿಟ್ಟು, ‘ಈ ಪೈಥಾನನ್ನು ಹೊರಗಿನವರು ನೋಡಿಕೊಳ್ಳುತ್ತಿದ್ದಾರೆ, ನೀನು ಮುಟ್ಟಬೇಡ’ ಎಂಬರ್ಥದ ದೀರ್ಘವಾದ ಉಪದೇಶವನ್ನೇ ಮಾಡುತ್ತದೆ.

ಈ ಮಾತನ್ನು ಅನೇಕ ವಿದ್ಯಾರ್ಥಿಗಳು ತಮ್ಮ ಮೇಲಿನ ತೀರ್ಪೆಂದೇ ಭಾವಿಸುವುದನ್ನು ನಾನು ಕಂಡಿದ್ದೇನೆ. ಮಾಡಬಾರದ್ದೇನನ್ನೋ ಮಾಡಿದೆವೆಂದು ಹೆದರಿ ಕೈಕಟ್ಟಿ ಕುಳಿತುಬಿಡುವವರುಂಟು. ಮನೆಯಲ್ಲಿ ಯಂತ್ರವಿಲ್ಲದೆ ಕಾಲೇಜಿನ ಯಂತ್ರವನ್ನೇ ನೆಚ್ಚಿಕೊಂಡವರಲ್ಲಿ ಇದು ಹೆಚ್ಚು. ಧೈರ್ಯವಂತರಾದರೋ ಸಿಟ್ಟಿಗೆದ್ದು ಬೀಗ ಒಡೆಯಲು ಹೊರಡುತ್ತಾರೆ. ಹೆದರುವವರು ಒಂದು ಪ್ರಯೋಗವನ್ನು ಕಳೆದುಕೊಳ್ಳುತ್ತಾರೆ. ಸಿಟ್ಟಾಗುವವರು ಕೆಲವೊಮ್ಮೆ ಇಡೀ ಯಂತ್ರವನ್ನೇ ಕಳೆದುಕೊಳ್ಳುತ್ತಾರೆ. ಎರಡನೆಯ ಗುಂಪಿಗೆ ನಾನೂ ಸೇರಿದ್ದೆನಾದ್ದರಿಂದ ಆ ಕಥೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಈ ನಿರಾಕರಣೆ ಎಲ್ಲಿಂದ ಬಂತೆಂಬುದನ್ನು ತಿಳಿಯೋಣ.

ನಾಲ್ಕು, ಎರಡು, ಒಂದು

ಮೊದಮೊದಲಿನ ಗಣಕಯಂತ್ರಗಳು ಒಮ್ಮೆಗೆ ಒಬ್ಬರ ಕೆಲಸವನ್ನು ಮಾತ್ರ ಮಾಡುತ್ತಿದ್ದವು. ಯಂತ್ರವೋ ಕೋಣೆ ತುಂಬುವಷ್ಟು ದೊಡ್ಡದು. ಬೆಲೆಯೋ ಲಕ್ಷಾಂತರ ಡಾಲರು. ಮನುಷ್ಯನು ಯೋಚಿಸುತ್ತ ಕುಳಿತಷ್ಟು ಹೊತ್ತೂ ಅದು ಸುಮ್ಮನೆ ಕಾಯುವುದೆಂದರೆ ದುಂದುಗಾರಿಕೆಯಲ್ಲವೆ? ಆದುದರಿಂದ ಯಂತ್ರದ ಕಾಲವನ್ನು ಚೂರುಚೂರಾಗಿ ಹಲವರಿಗೆ ಹಂಚುವ ಏರ್ಪಾಡೊಂದನ್ನು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು 1961ರಲ್ಲಿ ಮಾಡಿ ತೋರಿಸಿದರು. ಹಲವರು ಒಂದೇ ಮನೆಯಲ್ಲಿ ವಾಸಿಸತೊಡಗಿದ ಮೇಲೆ ಒಬ್ಬನ ಕಡತವನ್ನು ಇನ್ನೊಬ್ಬನು ತಿಳಿದೋ ತಿಳಿಯದೆಯೋ ಅಳಿಸಿಬಿಡುವ ಭಯವೂ ಹುಟ್ಟಿತು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಆರಂಭಿಸಿ, ಡೆನಿಸ್ ರಿಚಿ ಜೊತೆಗೂಡಿ ಬೆಳೆಸಿದ ಯುನಿಕ್ಸ್ ವ್ಯವಸ್ಥೆಯು ಈ ಭಯಕ್ಕೆ ಬಹು ಸರಳವಾದ ಪರಿಹಾರವನ್ನು ಒದಗಿಸಿತು. 1971ರ ನವೆಂಬರಿನಲ್ಲಿ ಹೊರಬಂದ ಅದರ ಮೊದಲ ಕೈಪಿಡಿಯಲ್ಲಿಯೇ ಅನುಮತಿಯನ್ನು ಬದಲಾಯಿಸುವ ‘ಸಿಎಚ್‌ಮಾಡ್’ ಎಂಬ ಆಜ್ಞೆ ಕಾಣಸಿಗುತ್ತದೆ. ಇಂದಿನ ಲಿನಕ್ಸ್, ಮ್ಯಾಕ್ ಯಂತ್ರಗಳೆಲ್ಲ ಈ ಪರಂಪರೆಯನ್ನು ಅನುಸರಿಸುವಂಥವು. ವಿಂಡೋಸಿನ ಒಳಏರ್ಪಾಡು ಬೇರೆಯಾದರೂ ತತ್ತ್ವ ಒಂದೇ.

ಆ ಪರಿಹಾರ ಹೀಗಿದೆ. ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನುಂಟು, ಒಂದು ಗುಂಪುಂಟು. ಇವೆರಡಕ್ಕೂ ಸೇರದವರೆಲ್ಲ ‘ಇತರರು’. ಈ ಮೂರು ವರ್ಗದವರಿಗೂ ಮೂರು ಹಕ್ಕುಗಳನ್ನು ಬೇರೆಬೇರೆಯಾಗಿ ಕೊಡಬಹುದು ಅಥವಾ ತಡೆಹಿಡಿಯಬಹುದು: ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ನಡೆಸುವ ಹಕ್ಕಿಗೆ 1. ಇದ್ದ ಹಕ್ಕುಗಳ ಅಂಕಿಗಳನ್ನು ಕೂಡಿದರೆ 0ಯಿಂದ 7ರವರೆಗಿನ ಒಂದು ಅಂಕಿ ದೊರೆಯುತ್ತದೆ. 3, 2, 1 ಎಂದು ಏಕೆ ಆರಿಸಲಿಲ್ಲವೆಂದು ಕೇಳುವಿರಾ? ಆಗ 3 ಎಂಬ ಮೊತ್ತವು ಒಂದೇ ಹಕ್ಕಿನದೋ, 2 ಮತ್ತು 1 ಸೇರಿದ್ದೋ ತಿಳಿಯದಾಗುತ್ತಿತ್ತು. 4, 2, 1 ದ್ವಿಮಾನ ಪದ್ಧತಿಯ ಮೂರು ಸ್ಥಾನಗಳಾದುದರಿಂದ ಯಾವ ಮೊತ್ತಕ್ಕೂ ಎರಡರ್ಥವಿಲ್ಲ. 755 ಎಂದರೆ ಒಡೆಯನಿಗೆ ಎಲ್ಲ ಹಕ್ಕುಗಳು. ಗುಂಪಿಗೂ ಇತರರಿಗೂ ಓದುವ, ನಡೆಸುವ ಹಕ್ಕುಗಳು ಮಾತ್ರ, ಬರೆಯುವ ಹಕ್ಕಿಲ್ಲ. ಮೂರು ಅಂಕಿಗಳಲ್ಲಿ ಇಡೀ ವಠಾರದ ಕಾನೂನು ಅಡಗಿದೆ.

ಫೋಲ್ಡರಿನ ವಿಷಯದಲ್ಲಿ ಈ ಹಕ್ಕುಗಳ ಅರ್ಥ ಸ್ವಲ್ಪ ಬೇರೆ. ಬಹು ಮಂದಿ ಎಡವುವುದು ಇಲ್ಲಿಯೇ. ಫೋಲ್ಡರೆಂದರೆ ಕಡತಗಳನ್ನು ತುಂಬಿದ ಚೀಲವಲ್ಲ. ಹೆಸರುಗಳ ಒಂದು ಪಟ್ಟಿ. ಅದನ್ನು ‘ಓದುವುದು’ ಎಂದರೆ ಪಟ್ಟಿಯನ್ನು ನೋಡುವುದು. ‘ನಡೆಸುವುದು’ ಎಂದರೆ ಅದರ ಮೂಲಕ ಹಾದು ಒಳಗಿನ ಕಡತವನ್ನು ತಲಪುವುದು. ‘ಬರೆಯುವುದು’ ಎಂದರೆ ಪಟ್ಟಿಗೆ ಹೊಸ ಹೆಸರನ್ನು ಸೇರಿಸುವುದು ಅಥವಾ ಇದ್ದ ಹೆಸರನ್ನು ತೆಗೆದುಹಾಕುವುದು. ಇದರಿಂದ ಒಂದು ಸೋಜಿಗ ಉಂಟಾಗುತ್ತದೆ. ನಿಮ್ಮ ಸ್ವಂತ ಫೋಲ್ಡರಿನಲ್ಲಿ ಒಂದು ಕಡತವನ್ನು ಸೃಷ್ಟಿಸಿ, ಅದಕ್ಕೆ 000 ಎಂಬ ಅನುಮತಿಯನ್ನು ಕೊಡಿ. ಈಗ ಅದನ್ನು ನೀವೂ ಓದಲಾರಿರಿ, ಬರೆಯಲಾರಿರಿ. ಆದರೆ ಅಳಿಸಿಬಿಡಬಲ್ಲಿರಿ! ಏಕೆಂದರೆ ಅಳಿಸುವುದು ಕಡತದ ಮೇಲಿನ ಕೆಲಸವಲ್ಲ, ಪಟ್ಟಿಯ ಮೇಲಿನ ಕೆಲಸ, ಪಟ್ಟಿಯು ನಿಮ್ಮದು. ಖರ್ಚಿಲ್ಲದ ಪ್ರಯೋಗ, ಇಂದೇ ಮಾಡಿನೋಡಬಹುದು.

ಈಗ ನಮ್ಮ 13ಕ್ಕೆ ಬರೋಣ. ಪ್ಯಾಕೇಜನ್ನು ಸ್ಥಾಪಿಸುವುದೆಂದರೆ ಒಂದು ಫೋಲ್ಡರಿನ ಪಟ್ಟಿಯಲ್ಲಿ ಹೊಸ ಹೆಸರುಗಳನ್ನು ಬರೆಯುವುದಲ್ಲದೆ ಬೇರೇನೂ ಅಲ್ಲ. ಯಂತ್ರದೊಡನೆ ಬಂದ ಪೈಥಾನಿನ ಫೋಲ್ಡರುಗಳಿಗೆ ಒಡೆಯನು ‘ರೂಟ್’ ಎಂಬ ಆಡಳಿತಗಾರ. ಅನುಮತಿಯು ಸಾಮಾನ್ಯವಾಗಿ 755. ನೀವು ‘ಇತರರು’. ನಿಮ್ಮ ಪಾಲಿಗೆ ಬಂದದ್ದು 5. ಅಲ್ಲಿರುವ ಪ್ಯಾಕೇಜುಗಳನ್ನೆಲ್ಲ ನೀವು ಓದಬಹುದು, ಬಳಸಬಹುದು, ಹೊಸದನ್ನು ಸೇರಿಸುವಂತಿಲ್ಲ. ನಿಮಗೆ ಇಲ್ಲದಿರುವುದು 2 ಎಂಬ ಒಂದೇ ಒಂದು ಅಂಕಿ. ನಿಮ್ಮ ಯೋಗ್ಯತೆಯ ವಿಷಯದಲ್ಲಿ ಯಂತ್ರವು ಯಾವ ಅಭಿಪ್ರಾಯವನ್ನೂ ಸೂಚಿಸಿಲ್ಲ.

‘ಗುಂಪು’ ಏತಕ್ಕೆಂಬ ಪ್ರಶ್ನೆ ಉಳಿಯಿತು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಇದರ ಉಪಯೋಗ ಚೆನ್ನಾಗಿ ಕಾಣುತ್ತದೆ. ದೆಹಲಿಯ ಅಂತರ ವಿಶ್ವವಿದ್ಯಾನಿಲಯ ವೇಗೋತ್ಕರ್ಷಕ ಕೇಂದ್ರದವರು ಕಾಲೇಜುಗಳಿಗಾಗಿ ರೂಪಿಸಿದ ‘ಎಕ್ಸ್‌ಪೈಸ್’ ಎಂಬ ಪುಟ್ಟ ಅಳತೆಯ ಪೆಟ್ಟಿಗೆಯನ್ನು ನಾವು ಬಳಸುತ್ತೇವೆ. ಅದನ್ನು ಗಣಕಯಂತ್ರಕ್ಕೆ ತಂತಿಯಿಂದ ಜೋಡಿಸಿದಾಗ ಯುನಿಕ್ಸ್ ಪರಂಪರೆಯಂತೆ ಅದೂ ಒಂದು ಕಡತವಾಗಿಯೇ ತೋರುತ್ತದೆ. ಉಬುಂಟುವಿನಲ್ಲಿ ಇಂಥ ಸಾಧನದ ಕಡತವು ‘ಡಯಲ್‌ಔಟ್’ ಎಂಬ ಗುಂಪಿಗೆ ಸೇರಿರುತ್ತದೆ. ಆ ಗುಂಪಿಗೆ ವಿದ್ಯಾರ್ಥಿಯ ಖಾತೆಯನ್ನು ಸೇರಿಸಿದರೆ ಪೆಟ್ಟಿಗೆ ಮಾತನಾಡುತ್ತದೆ. ಇಲ್ಲದಿದ್ದರೆ ಅದೇ ಹಳೆಯ 13.

ಒಂದು ರಾತ್ರಿಯ ಕಥೆ

2015ರ ಮಾತು. ನಾನು ಕೆಲಸಕ್ಕೆ ಸೇರಿ ವರ್ಷ ಕಳೆದಿರಲಿಲ್ಲ. ಚಾಮರಾಜಪೇಟೆಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಕಾಲೇಜಿನ ಮಾಳಿಗೆಯ ಮೇಲೆ ಬೆಳಕನ್ನು ಗ್ರಹಿಸುವ ಡಯೋಡೊಂದನ್ನಿಟ್ಟು, 5 ನಿಮಿಷಕ್ಕೊಮ್ಮೆ ಆಕಾಶದ ಬೆಳಕನ್ನು ಅಳೆಯುವ ಯೋಜನೆಯನ್ನು ಕೈಗೊಂಡಿದ್ದಳು. ದಿನಕ್ಕೆ 288 ಅಳತೆಗಳು. ನಾಲ್ಕು ವಾರಗಳಲ್ಲಿ 8 ಸಾವಿರಕ್ಕೂ ಹೆಚ್ಚು ಅಳತೆಗಳು ಒಂದೇ ಯಂತ್ರದಲ್ಲಿ ಸೇರಿದ್ದವು. ಪ್ರತಿ ತೆಗೆದಿಡಬೇಕೆಂಬ ವಿವೇಕ ನಮಗಿಬ್ಬರಿಗೂ ಹುಟ್ಟಿರಲಿಲ್ಲ. ಅವಳಿಗೆ ನಕ್ಷೆಯ ಪ್ಯಾಕೇಜು ಬೇಕಾಯಿತು. ಯಂತ್ರದಲ್ಲಿದ್ದದ್ದು ಉಬುಂಟು 14.04. ಪಿಪ್‌ಗೆ ಹೇಳಿದಳು, 13 ಬಂತು, ನನ್ನನ್ನು ಕರೆದಳು.

ನಾನು ಆಜ್ಞೆಯ ಮುಂದೆ ‘ಸುಡೊ’ ಎಂಬ ಪದವನ್ನು ಸೇರಿಸಿದೆ. ಸುಡೊ ಎಂದರೆ ‘ಈ ಒಂದು ಕೆಲಸವನ್ನು ಆಡಳಿತಗಾರನ ಹೆಸರಿನಲ್ಲಿ ಮಾಡು’ ಎಂದರ್ಥ. 1980ರ ಸುಮಾರಿಗೆ ಅಮೆರಿಕದ ಬಫಲೋ ನಗರದ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಸಾಧನ. ಪ್ಯಾಕೇಜು ಬಂದು ಕುಳಿತಿತು. ಆದರೆ ಆಡಳಿತಗಾರನ ಹೆಸರಿನಲ್ಲಿ ಓಡಿದ ಪಿಪ್ ಆ ವಿದ್ಯಾರ್ಥಿನಿಯ ಸ್ವಂತ ಫೋಲ್ಡರಿನಲ್ಲಿಯೂ ಕೆಲವು ಕಡತಗಳನ್ನು ಬರೆದಿತ್ತು. ಅವುಗಳ ಒಡೆತನ ರೂಟಿನದು. ಮರುದಿನ ಅವಳ ಮನೆಯೊಳಗೇ ಅವಳಿಗೆ ಅನುಮತಿ ಇಲ್ಲದಂತಾಯಿತು! ಒಂದು ತಪ್ಪನ್ನು ಮುಚ್ಚಲು ಇನ್ನೊಂದು. ಎಲ್ಲಿಯೋ ಓದಿದ್ದ ಸಲಹೆಯನ್ನು ನೆನೆದು, ಇನ್ನು ಮೇಲೆ ಯಾರಿಗೂ ತೊಂದರೆಯಾಗದಿರಲೆಂದು, ‘ಯುಎಸ್‌ಆರ್’ ಎಂಬ ಮುಖ್ಯ ಫೋಲ್ಡರಿನೊಳಗಿನ ಸಮಸ್ತ ಕಡತಗಳಿಗೂ ಒಂದೇ ಏಟಿಗೆ 777 ಎಂಬ ಅನುಮತಿಯನ್ನು ದಯಪಾಲಿಸಿದೆ. ಎಲ್ಲರಿಗೂ ಎಲ್ಲ ಹಕ್ಕು. ಇದಕ್ಕಿಂತ ಉದಾರವಾದ ಆಡಳಿತ ಉಂಟೆ?

ಮರುಕ್ಷಣದಿಂದ ಸುಡೊ ಕೆಲಸ ಮಾಡುವುದನ್ನು ನಿಲ್ಲಿಸಿತು.

ಕಾರಣ ಆಗ ಹೊಳೆಯಲಿಲ್ಲ, ಈಗ ವಿವರಿಸಬಲ್ಲೆ. ಸಾಮಾನ್ಯ ಬಳಕೆದಾರನು ಕರೆದಾಗ ಸುಡೊ ತಾನು ಆಡಳಿತಗಾರನ ಅಧಿಕಾರವನ್ನು ಹೇಗೆ ಪಡೆಯುತ್ತದೆ? ನಾನು ಮೇಲೆ ಹೇಳಿದ ಮೂರು ಅಂಕಿಗಳ ಹಿಂದೆ ನಾಲ್ಕನೆಯ ಅಂಕಿಯೊಂದುಂಟು. ಅದರಲ್ಲಿ 4 ಇದ್ದರೆ, ಆ ಕ್ರಮವಿಧಿಯನ್ನು ಯಾರೇ ನಡೆಸಲಿ, ಅದು ತನ್ನ ಒಡೆಯನ ಅಧಿಕಾರದಿಂದ ನಡೆಯುತ್ತದೆ. ಇದು ಡೆನಿಸ್ ರಿಚಿಯ ಉಪಾಯ. 1973ರಲ್ಲಿ ಇದಕ್ಕಾಗಿ ಪೇಟೆಂಟಿನ ಅರ್ಜಿ ಸಲ್ಲಿಸಲ್ಪಟ್ಟು 1979ರಲ್ಲಿ ಪೇಟೆಂಟು ದೊರೆಯಿತು. ಇಂಥ ಕಡತದ ಅನುಮತಿ 4755 ಎಂಬ ರೂಪದಲ್ಲಿರುತ್ತದೆ. ನಾನು 777 ಎಂದಾಗ ಆ ಮುಂದಿನ 4 ಅಳಿಸಿಹೋಯಿತು. ಸುಡೊ ಇದ್ದುದು ಯುಎಸ್‌ಆರ್ ಫೋಲ್ಡರಿನೊಳಗೆ. ಎಲ್ಲ ಬೀಗಗಳನ್ನೂ ತೆಗೆಯುವ ಭರದಲ್ಲಿ ಬೀಗದಕೈಯನ್ನೇ ಮುರಿದುಹಾಕಿದ್ದೆ. ಅದನ್ನು ಸರಿಪಡಿಸಲು ಆಡಳಿತಗಾರನ ಅಧಿಕಾರ ಬೇಕು. ಆ ಅಧಿಕಾರವನ್ನು ಪಡೆಯಲು ಸುಡೊ ಬೇಕು!

ಯಂತ್ರವನ್ನು ದುರಸ್ತಿಯ ಕ್ರಮದಲ್ಲಿ ಎಬ್ಬಿಸಿದರೆ ಸುಡೊಗೆ ಅದರ 4755ನ್ನು ಮರಳಿ ಕೊಡಬಹುದು, ನಿಜ. ಆದರೆ ಉಳಿದ ಸಾವಿರಾರು ಕಡತಗಳಿಗೆ ಮೊದಲು ಯಾವ ಯಾವ ಅಂಕಿಗಳಿದ್ದವೆಂಬುದನ್ನು ಹೇಳುವವರಾರು? ಹಳೆಯ ಅಂಕಿಗಳನ್ನು ಯಂತ್ರವು ಎಲ್ಲಿಯೂ ಬರೆದಿಟ್ಟುಕೊಳ್ಳುವುದಿಲ್ಲ. ಕೊನೆಗೆ ಉಬುಂಟುವನ್ನು ಒಂದು ಯುಎಸ್‌ಬಿ ಕಡ್ಡಿಯಿಂದ ಎಬ್ಬಿಸಿ, ಆ ಹುಡುಗಿಯ ಅಳತೆಗಳನ್ನು ಮೊದಲು ಹೊರಕ್ಕೆ ನಕಲು ಮಾಡಿಕೊಂಡು, ಆಮೇಲೆ ಇಡೀ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿದೆ. ನಕಲು ಮುಗಿಯುವವರೆಗೆ ಅವಳು ಮಾತಿಲ್ಲದೆ ಬಾಗಿಲ ಬಳಿ ನಿಂತಿದ್ದಳು. ಅವಳ ಕಡತಗಳು ಉಳಿದದ್ದು ನನ್ನ ಜಾಣತನದಿಂದಲ್ಲ. ಬಳಕೆದಾರರ ಮನೆಗಳು ಯುಎಸ್‌ಆರ್ ಫೋಲ್ಡರಿನ ಹೊರಗೆ, ‘ಹೋಮ್’ ಎಂಬ ಬೇರೊಂದು ಫೋಲ್ಡರಿನಲ್ಲಿ ಇರುವುದರಿಂದ ಮಾತ್ರ.

ಸುಡೊ ಏಕೆ ಬೇಡ

777ರ ಮೂರ್ಖತನವನ್ನು ಎಲ್ಲರೂ ಮಾಡಲಾರರು. ಆದರೆ ಪಿಪ್‌ನ ಮುಂದೆ ಸುಡೊ ಸೇರಿಸುವುದನ್ನು ಇಂದಿಗೂ ಅನೇಕರು ಪರಿಹಾರವೆಂದೇ ಕಲಿಸುತ್ತಾರೆ. ಅದು ಏಕೆ ಪರಿಹಾರವಲ್ಲವೆಂಬುದಕ್ಕೆ ಎರಡು ಕಾರಣಗಳನ್ನಾದರೂ ಹೇಳಬೇಕು.

ಉಬುಂಟುವಿನಂಥ ವ್ಯವಸ್ಥೆಗಳಲ್ಲಿ ಯಂತ್ರದ ಸ್ವಂತ ಕೆಲಸಗಳಲ್ಲಿ ಹಲವನ್ನು ಮಾಡುವುದು ಪೈಥಾನಿನಲ್ಲಿ ಬರೆದ ಕ್ರಮವಿಧಿಗಳೇ. ಅವುಗಳಿಗೆ ಬೇಕಾದ ಪ್ಯಾಕೇಜುಗಳನ್ನು ವ್ಯವಸ್ಥೆಯ ನಿರ್ಮಾಪಕರು ಆರಿಸಿ, ಪರೀಕ್ಷಿಸಿ ಇಟ್ಟಿರುತ್ತಾರೆ. ಪೈಥಾನು ಒಂದು ಪ್ಯಾಕೇಜನ್ನು ಹುಡುಕುವಾಗ ಫೋಲ್ಡರುಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ನೋಡುತ್ತದೆ. ಮೊದಲು ಸಿಕ್ಕಿದ್ದನ್ನೇ ತೆಗೆದುಕೊಳ್ಳುತ್ತದೆ. ಸುಡೊ ಹಚ್ಚಿ ತಂದ ಪ್ಯಾಕೇಜು ಹೋಗಿ ಕೂರುವ ಫೋಲ್ಡರು ಈ ಸಾಲಿನಲ್ಲಿ ನಿರ್ಮಾಪಕರ ಫೋಲ್ಡರಿಗಿಂತ ಮುಂದಿದೆ. ಆದುದರಿಂದ ನೀವು ತಂದ ಹೊಸ ಆವೃತ್ತಿಯು ಹಳೆಯದನ್ನು ಮರೆಮಾಡುತ್ತದೆ. ಹಳೆಯದನ್ನೇ ನಂಬಿದ್ದ ಯಂತ್ರದ ಕ್ರಮವಿಧಿಯು ಹೊಸದರೊಡನೆ ಹೊಂದಿಕೊಳ್ಳಲಾರದೆ ಮುಗ್ಗರಿಸುತ್ತದೆ. ಅದೂ ಅಂದೇ ಅಲ್ಲ. ತಿಂಗಳ ನಂತರ, ನಿಮಗೆ ಮರೆತೇಹೋದ ಮೇಲೆ.

ಎರಡನೆಯ ಕಾರಣ ಇನ್ನೂ ಗಂಭೀರವಾದುದು. ಪ್ಯಾಕೇಜು ಸ್ಥಾಪಿತವಾಗುವಾಗಲೇ ಅದರೊಳಗಿನ ಕ್ರಮವಿಧಿ ಓಡಬಹುದು. ಸುಡೊ ಹಚ್ಚಿದಿರೆಂದರೆ ಅದು ಓಡುವುದು ಆಡಳಿತಗಾರನ ಅಧಿಕಾರದಿಂದ. ಅದನ್ನು ಬರೆದವರು ಯಾರೆಂದು ನಿಮಗೆ ಗೊತ್ತೆ? ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೊಬ್ಬನು 2016ರಲ್ಲಿ ತನ್ನ ಪದವಿಯ ಪ್ರಬಂಧಕ್ಕಾಗಿ ಒಂದು ಪ್ರಯೋಗ ಮಾಡಿದನು. ಜನಪ್ರಿಯ ಪ್ಯಾಕೇಜುಗಳ ಹೆಸರಿನಲ್ಲಿ ಒಂದೆರಡು ಅಕ್ಷರಗಳನ್ನು ಹಿಂದುಮುಂದು ಮಾಡಿ, ಆ ತಪ್ಪು ಹೆಸರುಗಳಲ್ಲಿ ನಿರುಪದ್ರವಿಯಾದ ಪ್ಯಾಕೇಜುಗಳನ್ನು ಸಾರ್ವಜನಿಕ ಭಂಡಾರಗಳಲ್ಲಿ ಇರಿಸಿದನು. ಅವಸರದಲ್ಲಿ ತಪ್ಪಾಗಿ ಬೆರಳಚ್ಚಿಸಿದವರ ಯಂತ್ರಗಳಿಂದ ಅವನಿಗೆ ಸುದ್ದಿ ತಲಪುವಂತಿತ್ತು. ಕೆಲವೇ ತಿಂಗಳುಗಳಲ್ಲಿ 17 ಸಾವಿರಕ್ಕೂ ಹೆಚ್ಚು ಯಂತ್ರಗಳಲ್ಲಿ ಅವನ ಕ್ರಮವಿಧಿ ಓಡಿತು. ಅವುಗಳಲ್ಲಿ ಐದರಲ್ಲಿ ಎರಡಕ್ಕಿಂತ ಹೆಚ್ಚು ಪಾಲು ಆಡಳಿತಗಾರನ ಅಧಿಕಾರದಿಂದಲೇ ಓಡಿತು. ಅವನ ಉದ್ದೇಶ ಒಳ್ಳೆಯದಾಗಿತ್ತು. ಮಾರನೆಯ ವರ್ಷವೇ, 2017ರಲ್ಲಿ, ಸ್ಲೊವಾಕಿಯ ದೇಶದ ರಾಷ್ಟ್ರೀಯ ಭದ್ರತಾ ಕಚೇರಿಯವರು ಪೈಥಾನ್ ಭಂಡಾರದಲ್ಲಿ ಇಂಥ ವೇಷಧಾರಿ ಪ್ಯಾಕೇಜುಗಳನ್ನು ನಿಜವಾಗಿಯೂ ಪತ್ತೆಮಾಡಿದರು.

ಕೆಟ್ಟ ಉದ್ದೇಶವೇ ಇರಬೇಕೆಂದೇನೂ ಇಲ್ಲ. ಜಾವಾಸ್ಕ್ರಿಪ್ಟ್ ಭಾಷೆಗೆ ಪ್ಯಾಕೇಜು ತರುವ ‘ಎನ್‌ಪಿಎಂ’ ಎಂಬ ಸೇವಕನ 5.7.0 ಆವೃತ್ತಿಯು 2018ರ ಫೆಬ್ರವರಿಯಲ್ಲಿ ಹೊರಬಂದಿತು. ಅದರಲ್ಲೊಂದು ದೋಷವಿತ್ತು: ಸುಡೊ ಹಚ್ಚಿ ನಡೆಸಿದರೆ ಯಂತ್ರದ ಮುಖ್ಯ ಫೋಲ್ಡರುಗಳ ಒಡೆತನವನ್ನೇ ಅದು ಬದಲಾಯಿಸಿಬಿಡುತ್ತಿತ್ತು. ನಾನು ಕೈಯಾರೆ ಮಾಡಿದ್ದನ್ನು ಅದು ತಾನಾಗಿಯೇ ಮಾಡುತ್ತಿತ್ತೆನ್ನಿ. ಕೂಡಲೇ 5.7.1 ಬಂತು, ಅಷ್ಟರಲ್ಲಿ ಕೆಟ್ಟ ಯಂತ್ರಗಳು ಕೆಟ್ಟಿದ್ದವು.

ಹಾಗಾದರೆ ದಾರಿ ಯಾವುದು?

ಕೊಳವೆಯನ್ನು ಬಿಚ್ಚಬೇಡಿ, ನೀರನ್ನು ನಿಮ್ಮ ಬಿಡಾರಕ್ಕೆ ತಂದುಕೊಳ್ಳಿ. ಯಂತ್ರದಲ್ಲಿ ನಿಮ್ಮ ಹೆಸರಿನ ‘ಹೋಮ್’ ಫೋಲ್ಡರಿನ ಒಡೆಯರು ನೀವೇ. ಅಲ್ಲಿ ಹೊಸ ಹೆಸರುಗಳನ್ನು ಬರೆಯಲು ಯಾರ ಅನುಮತಿಯೂ ಬೇಡ. ಪೈಥಾನ್ ಭಾಷೆಯವರು 2008ರಲ್ಲಿಯೇ ಬಳಕೆದಾರನ ಸ್ವಂತ ಪ್ಯಾಕೇಜುಗಳಿಗೆ ಅವನ ಮನೆಯಲ್ಲೊಂದು ಜಾಗವನ್ನು ಗೊತ್ತುಮಾಡಿದರು. 2012ರ ಪೈಥಾನ್ 3.3ರಿಂದ ಇದಕ್ಕಿಂತ ಮೇಲಾದ ಏರ್ಪಾಡು ಭಾಷೆಯೊಡನೆಯೇ ಬರುತ್ತಿದೆ. ಅದರ ಹೆಸರು ‘ವೆನ್‌ವ್’. ‘ಕಾಲ್ಪನಿಕ ಪರಿಸರ’ ಎಂದು ಕರೆಯಬಹುದಾದರೂ ನಾನು ತರಗತಿಯಲ್ಲಿ ‘ಬಿಡಾರ’ ಎಂದೇ ಹೇಳುತ್ತೇನೆ.

‘ಪೈಥಾನ್3 -ಎಂ ವೆನ್‌ವ್ ಬೆಳಕು’ ಎಂದು ಆಜ್ಞಾಪಿಸಿದರೆ ‘ಬೆಳಕು’ ಎಂಬ ಫೋಲ್ಡರೊಂದು ಸಿದ್ಧವಾಗುತ್ತದೆ. ಅದರೊಳಗೆ ಮುಖ್ಯ ಪೈಥಾನಿಗೆ ಕೈತೋರಿಸುವ ಒಂದು ಕೊಂಡಿ, ಪ್ಯಾಕೇಜುಗಳಿಗಾಗಿ ಒಂದು ಬರಿದಾದ ಕಪಾಟು, ಮತ್ತು ನಾಲ್ಕಾರು ಸಾಲಿನ ಒಂದು ಚೀಟಿ ಇರುತ್ತವೆ. ಕೆಲಸವೆಲ್ಲ ನಡೆಯುವುದು ಈ ಚೀಟಿಯಿಂದ. ಪೈಥಾನು ಎಚ್ಚರಗೊಂಡಾಗ ತನ್ನ ಸಮೀಪದಲ್ಲಿ ಇಂಥ ಚೀಟಿ ಇದೆಯೇ ಎಂದು ನೋಡಿಕೊಳ್ಳುತ್ತದೆ. ಇದ್ದರೆ ಯಂತ್ರದ ದೊಡ್ಡ ಕಪಾಟನ್ನು ಬಿಟ್ಟು ಈ ಬಿಡಾರದ ಕಪಾಟಿನಿಂದಲೇ ಪ್ಯಾಕೇಜುಗಳನ್ನು ತೆಗೆದುಕೊಳ್ಳುತ್ತದೆ. ಬಳಿಕ ‘ಸೋರ್ಸ್ ಬೆಳಕು/ಬಿನ್/ಆಕ್ಟಿವೇಟ್’ ಎಂದು ಬಿಡಾರವನ್ನು ಪ್ರವೇಶಿಸಿ, ಎಂದಿನಂತೆ ಪಿಪ್‌ಗೆ ಆಜ್ಞೆ ಕೊಡಿ. ಫೋಲ್ಡರಿನ ಹೆಸರನ್ನು ನಿಮಗೆ ತೋಚಿದಂತೆ ಇಟ್ಟುಕೊಳ್ಳಬಹುದು. ವಿಂಡೋಸಿನಲ್ಲಿ ‘ಬಿನ್’ ಎಂಬುದರ ಬದಲು ‘ಸ್ಕ್ರಿಪ್ಟ್ಸ್’ ಎಂದಿರುತ್ತದೆ. ಸುಡೊ ಬೇಕಿಲ್ಲ, 13 ಬರುವುದಿಲ್ಲ. ಏನಾದರೂ ಕೆಟ್ಟರೆ ‘ಬೆಳಕು’ ಫೋಲ್ಡರನ್ನು ಅಳಿಸಿ ಇನ್ನೊಂದನ್ನು ಮಾಡಿಕೊಂಡರಾಯಿತು. ಪಕ್ಕದ ಬಿಡಾರದವರಿಗೆ ಸುದ್ದಿಯೂ ತಿಳಿಯದು. ಒಂದೊಂದು ಯೋಜನೆಗೂ ಒಂದೊಂದು ಬಿಡಾರವಿದ್ದರೆ ಒಂದರ ಹಳೆಯ ಆವೃತ್ತಿಗೂ ಇನ್ನೊಂದರ ಹೊಸ ಆವೃತ್ತಿಗೂ ಜಗಳವಿರುವುದಿಲ್ಲ. ಡಿಸ್ಕಿನಲ್ಲಿ ಸ್ಥಳ ತುಸು ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಒಂದು ತೊಡಕುಂಟು. ಡೆಬಿಯನ್, ಉಬುಂಟುಗಳಲ್ಲಿ ವೆನ್‌ವ್ ಪೂರ್ತಿಯಾಗಿ ಕೆಲಸಮಾಡಲು ‘ಪೈಥಾನ್3-ವೆನ್‌ವ್’ ಎಂಬುದನ್ನು ಬೇರೆಯಾಗಿ ಸ್ಥಾಪಿಸಬೇಕಾಗಬಹುದು. ಇದನ್ನು ಆಡಳಿತಗಾರನು ಒಮ್ಮೆ ಮಾಡಿಕೊಡಬೇಕು. ಕಾಲೇಜಿನಲ್ಲಿ ಇದನ್ನು ಕೇಳಲು ಸಂಕೋಚಪಡಬೇಡಿ. ಎಲ್ಲ ವಿದ್ಯಾರ್ಥಿಗಳಿಗೂ ಬೇಕಾದ ನಮ್‌ಪೈಯಂಥ ಪ್ಯಾಕೇಜನ್ನಾದರೋ ಆಡಳಿತಗಾರನು ಪಿಪ್‌ನಿಂದಲ್ಲದೆ ಉಬುಂಟುವಿನ ಸ್ವಂತ ‘ಆಪ್ಟ್’ ಎಂಬ ಸೇವಕನಿಂದ ತರಿಸಿಡುವುದು ಲೇಸು. ನೆನಪಿರಲಿ, ಬಳಸುವುದಕ್ಕೆ 5 ಸಾಕು, 2 ಬೇಕಿಲ್ಲ.

ಹಿಂದೆ ಸುಡೊ ಹಚ್ಚಿದ್ದರಿಂದ ನಿಮ್ಮ ಮನೆಯೊಳಗೆ ರೂಟಿನ ಕಡತಗಳು ಉಳಿದಿದ್ದರೆ, ‘ಎಲ್‌ಎಸ್ -ಎಲ್’ ಎಂಬ ಆಜ್ಞೆಯಿಂದ ಒಡೆಯನ ಹೆಸರನ್ನು ನೋಡಿ, ‘ಸಿಎಚ್‌ಓನ್’ ಎಂಬ ಆಜ್ಞೆಯಿಂದ ಒಡೆತನವನ್ನು ನಿಮಗೆ ಮರಳಿ ಮಾಡಿಸಿಕೊಳ್ಳಬಹುದು. ಇದಕ್ಕೆ ಸುಡೊ ಬೇಕಾಗುತ್ತದೆ. ಆದರೆ ನಿಮ್ಮ ಸ್ವಂತ ಫೋಲ್ಡರಿನ ಹೊರಗೆ ಒಂದು ಅಂಗುಲವೂ ಹೋಗದಂತೆ ಆಜ್ಞೆಯನ್ನು ಎರಡು ಬಾರಿ ಓದಿದ ಮೇಲೆಯೇ ಗುಂಡಿ ಒತ್ತಿ. ಬೇರೆ ಭಾಷೆಗಳಲ್ಲಿಯೂ ದಾರಿ ಇದೇ. ಎನ್‌ಪಿಎಂಗೆ ನಿಮ್ಮ ಮನೆಯ ಫೋಲ್ಡರೊಂದನ್ನು ಗೊತ್ತುಮಾಡಿಕೊಡಬಹುದು. ಸಂಖ್ಯಾಶಾಸ್ತ್ರದವರ ‘ಆರ್’ ಭಾಷೆ ತಾನಾಗಿಯೇ ‘ನಿನ್ನ ಸ್ವಂತ ಭಂಡಾರ ಮಾಡಿಕೊಡಲೆ’ ಎಂದು ಕೇಳುತ್ತದೆ. ‘ರಸ್ಟ್’ ಭಾಷೆಯ ಸೇವಕನಂತೂ ಮೊದಲಿಂದಲೇ ಮನೆಯೊಳಗೆ ವಾಸ. ಕನ್ನಡದ ಅಕ್ಷರವಿನ್ಯಾಸಗಳನ್ನು ಸೇರಿಸುವಾಗ ತಡೆಬಂದರೂ ಉಪಾಯ ಬೇರೆಯಲ್ಲ: ಲಿನಕ್ಸಿನಲ್ಲಿ ನಿಮ್ಮ ಮನೆಯಲ್ಲಿಯೇ ಫಾಂಟುಗಳಿಗೊಂದು ಫೋಲ್ಡರಿರಬಹುದು, ವಿಂಡೋಸಿನಲ್ಲಿ 2018ರಿಂದ ಈಚೆಗೆ ಒಬ್ಬ ಬಳಕೆದಾರನಿಗೆ ಮಾತ್ರ ಸ್ಥಾಪಿಸಿಕೊಳ್ಳುವ ಅವಕಾಶವಿದೆ.

ಈಚಿನ ಉಬುಂಟು ಯಂತ್ರಗಳ ದೀರ್ಘ ಉಪದೇಶದ ಪ್ರಸ್ತಾಪ ಮಾಡಿದೆನಷ್ಟೆ. ಸುಡೊ ಪಿಪ್‌ನಿಂದ ಕೆಟ್ಟ ಯಂತ್ರಗಳ ಗೋಳನ್ನು ಕೇಳಿ ಕೇಳಿ ಸಾಕಾದ ಪೈಥಾನ್ ಬಳಗದವರು, ವ್ಯವಸ್ಥೆಯ ಪೈಥಾನಿಗೆ ಪಿಪ್ ಕೈಹಾಕದಂತೆ ಗುರುತುಹಾಕಿಡುವ ನಿಯಮವೊಂದನ್ನು ಒಪ್ಪಿದರು. 2023ರಲ್ಲಿ ಬಂದ ಡೆಬಿಯನ್ 12 ಅದನ್ನು ಜಾರಿಗೆ ತಂದಿತು. ಈಗ ಸುಡೊ ಹಚ್ಚಿದರೂ ಪಿಪ್ ಒಪ್ಪುವುದಿಲ್ಲ. ಹಠ ಹಿಡಿದವರಿಗಾಗಿ ಒಂದು ಉಪಪದವನ್ನು ಮಾತ್ರ ಉಳಿಸಿದ್ದಾರೆ. ಅದರ ಹೆಸರು ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’, ಎಂದರೆ ‘ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿ’. ಇಷ್ಟು ಪ್ರಾಮಾಣಿಕವಾದ ಹೆಸರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

2015ರ ಆ ಯಂತ್ರಕ್ಕೆ ಹೊಸ ವ್ಯವಸ್ಥೆಯನ್ನು ಹಾಕಿದ ಮೇಲೆ ಅಳತೆಗಳು ಮತ್ತೆ ಮೊದಲಾದವು. ಎರಡು ವಾರ ಕಳೆದು ಯೋಜನೆ ಮುಗಿದಾಗ ವಿದ್ಯಾರ್ಥಿನಿ ತನ್ನ ಮನೆಯ ಫೋಲ್ಡರಿನಲ್ಲಿ ತಾನೇ ಮಾಡಿಕೊಂಡ ಬಿಡಾರದಿಂದ ನಕ್ಷೆಯನ್ನು ಬರೆಸಿ ತಂದಳು. ಆರು ವಾರಗಳ ಹಗಲುಗಳು ಆರು ಸಾಲಿನ ಗುಡ್ಡಗಳಂತೆ ಎದ್ದು ನಿಂತಿದ್ದವು. ಸಂಜೆ ಬೀದಿಯ ದೀಪ ಹತ್ತಿದ್ದು, ಬೆಳಗ್ಗೆ ಆರಿದ್ದು ಪುಟ್ಟ ಮೆಟ್ಟಿಲುಗಳಾಗಿ ತೋರುತ್ತಿತ್ತು. ನಾಲ್ಕನೆಯ ವಾರದ ಕೊನೆಯಲ್ಲಿ ಒಂದೆಡೆ ಗೆರೆಯು ತುಂಡಾಗಿ 19 ಗಂಟೆಗಳಷ್ಟು ಬರಿದಾದ ಜಾಗ. ಅದರ ಕಾರಣವನ್ನು ವರದಿಯಲ್ಲಿ ಬರೆಯಬೇಕೆ ಎಂದು ಕೇಳಿದಳು. ಬರೆಯಬೇಕೆಂದೆ. ‘ಮಾರ್ಗದರ್ಶಕರು ಯಂತ್ರದ ಅನುಮತಿಗಳನ್ನು ಬದಲಾಯಿಸಿದ ಕಾರಣ ಅಳತೆಗಳಿಲ್ಲ’ ಎಂದು ನಕ್ಷೆಯ ಕೆಳಗೆ ಬರೆದು ನನ್ನ ಸಹಿಗೆ ಕೊಟ್ಟಳು.